ಜಯಣ್ಣನ ವೈರ್‌ಮನ್ ಪರ್ಮಿಟ್ಟು

ಸುಳ್ಳು ಹೇಳಿದವನಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಉಂಟು. ಆದರೆ ಸುಳ್ಳನ್ನು ಬೇರೆ ಯಾರೋ ಹೇಳುತ್ತಿರುವಾಗ ಪಕ್ಕದಲ್ಲಿ ಕೂತು ಬರೀ ‘ಹೂಂ’ ಎಂದವನಿಗೆ ಏನು ಮಾಡಬೇಕೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ನಾನು ವಿಠಲ ಭಟ್ಟ, ಪುರೋಹಿತರ ಮನೆಯಲ್ಲಿ ಹುಟ್ಟಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಎರಡೂ ಕಡೆಯ ಪುಸ್ತಕಗಳನ್ನು ಹುಡುಕಿ ನೋಡಿಯೇ ಹೇಳುತ್ತಿದ್ದೇನೆ. ಹುಡುಕುವ ಕರ್ಮ ನನಗೆ ಬಂದದ್ದು ಶಕ್ತಿನಗರದಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿರುವ ಜಯಣ್ಣನ ದೆಸೆಯಿಂದ.

ಜಯಣ್ಣನಿಗೆ ನಲವತ್ತೊಂಬತ್ತು. ಕೆಟ್ಟವನಲ್ಲ. ಎಚ್ಚರವಾಗಿರುವುದು ಸ್ವಲ್ಪ ಕಡಿಮೆ, ಅಷ್ಟೆ. ಹಾಲು ತರಲು ಹೊರಟವನು ತಂತಿಯ ಮೇಲೆ ಕೂತ ಕಾಗೆಯನ್ನು ನೋಡುತ್ತಾ ನಿಂತರೆ, ಅಂಗಡಿಯವನು ಬಾಗಿಲು ಹಾಕಿ ಊಟಕ್ಕೆ ಹೋಗುವಾಗ ಇವನನ್ನು ಮಾತಾಡಿಸಿ ಮನೆಗೆ ಕಳಿಸಬೇಕು. ಮದುವೆಯಾಗಬೇಕೋ ಬೇಡವೋ ಎಂದು ಒಮ್ಮೆ ಯೋಚಿಸಲು ಕೂತಿದ್ದನಂತೆ. ಯೋಚನೆ ಮುಗಿಯುವಾಗ ನಲವತ್ತೈದು ದಾಟಿತ್ತು. ತನ್ನವರು ಎಂದು ಅವನಿಗೆ ಇದ್ದದ್ದು ತಂಗಿ ದೇಯಿ ಮತ್ತು ಅವಳ ಮಗಳು ನಿರೀಕ್ಷಾ. ದೇಯಿಯ ಗಂಡನಿಗೆ ಹಡಗಿನಲ್ಲಿ ಕೆಲಸ, ಊರಿಗೆ ಬರುವುದು ವರ್ಷಕ್ಕೊಮ್ಮೆ.

ಈ ಜಯಣ್ಣ ಹದಿನಾಲ್ಕು ವರ್ಷ ಮಸ್ಕತ್ತಿನಲ್ಲಿದ್ದ, ವೈರಿಂಗ್ ಮಾಡುವ ಒಂದು ಕಂಪೆನಿಯಲ್ಲಿ. ಮೊದಲ ಸಲ ರಜೆಯಲ್ಲಿ ಬಂದಾಗ ಯಾರೋ, “ಎಲೆಕ್ಟ್ರಿಷಿಯನ್ ಅಲ್ವಾ ನೀನು?” ಎಂದು ಕೇಳಿದರು. ಜಯಣ್ಣ ಆಗ ಬೇರೇನೋ ಯೋಚಿಸುತ್ತಿದ್ದ. “ಹೂಂ” ಎಂದ. ಆ ಒಂದು ಹೂಂ ಇಪ್ಪತ್ತು ವರ್ಷ ಊರಿಡೀ ಓಡಾಡಿತು. ನಿಜವಾಗಿ ಅವನು ಅಲ್ಲಿ ಗೋದಾಮಿನ ಸ್ಟೋರ್ ಕೀಪರ್. ಯಾವ ಸೈಜಿನ ವೈರು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಹೆಚ್ಚಿನ ಹೊತ್ತು ಕಣ್ಣು ಮುಚ್ಚಿಯೇ ಇರುತ್ತಿದ್ದ. ಆ ವೈರನ್ನು ಗೋಡೆಯೊಳಗೆ ಎಳೆಯುವವರು ಬೇರೆ.

ಕೆಲಸ ಬಿಟ್ಟು ಊರಿಗೆ ಬರುವಾಗ ಕಂಪೆನಿಯವರು ಅರಬ್ಬಿಯಲ್ಲಿ ಬರೆದು ಸೀಲು ಹೊಡೆದ ಕಾಗದ ಒಂದನ್ನು ಕೊಟ್ಟಿದ್ದರು. ದೇಯಿ ಅದಕ್ಕೆ ಕಟ್ಟು ಹಾಕಿಸಿ ತನ್ನ ಮನೆಯ ಗೋಡೆಗೆ ತೂಗುಹಾಕಿದಳು. ಪ್ರತಿ ಆಯುಧಪೂಜೆಗೆ ಕತ್ತಿ, ಹಾರೆ, ಸ್ಕೂಟರಿನ ಜೊತೆ ಆ ಕಾಗದಕ್ಕೂ ಗಂಧ, ಹೂ, ಆರತಿ. ಅದನ್ನು ಓದಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಭಕ್ತಿಗೆ ಕೊರತೆಯಾಗಲಿಲ್ಲ.

ಇಷ್ಟು ಹಾಯಾಗಿ ನಡೆಯುತ್ತಿದ್ದದ್ದು ಕೆಟ್ಟದ್ದು ದೇಯಿ ಕುಲಶೇಖರದಲ್ಲಿ ಆರು ಸೆಂಟ್ಸ್ ಜಾಗ ತೆಗೆದು ಮನೆ ಕಟ್ಟಲು ಹೊರಟಾಗ. ಬುನಾದಿಗೆ ಕೆಸರುಕಲ್ಲು ಹಾಕುವ ದಿನ ಪೂಜೆ ಮಾಡಿಸಿದವನು ನಾನೇ. ಪೂಜೆ ಮುಗಿದು ಎಲ್ಲರೂ ಅವಲಕ್ಕಿ ತಿನ್ನುತ್ತಾ ಕೂತಿದ್ದೆವು. ಆ ಜಾಗದ ಪಕ್ಕದ ಮನೆಯ ಶೀನಪ್ಪಣ್ಣ ಕೂಡಾ ಬಂದಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರ್. ಊರಿನ ವ್ಯವಹಾರವೆಲ್ಲ ಇನ್ನೂ ತಮ್ಮ ಬಸ್ಸಿನೊಳಗೇ ನಡೆಯುತ್ತಿದೆ ಎಂದು ತಿಳಿದ ಮನುಷ್ಯ.

“ವೈರಿಂಗ್ ಯಾರಿಗೆ ಕೊಟ್ಟದ್ದು ದೇಯಕ್ಕ?” ಎಂದು ಕೇಳಿದರು.

“ಯಾರಿಗೆ ಕೊಡ್ಲಿಕ್ಕೆ? ಅಣ್ಣ ಇಲ್ವಾ?” ಎಂದಳು ದೇಯಿ. “ಮೈನ್ ಸ್ವಿಚ್ಚಿನಿಂದ ಕಾಲಿಂಗ್ ಬೆಲ್ಲಿನವರೆಗೆ ಅವನೇ. ಕರೆಂಟಿನ ಕಾಗದಕ್ಕೆ ಸೈನು ಕೂಡಾ ಅವನದ್ದೇ. ಗಂಡನ ಕಡೆಯವರಿಗೆಲ್ಲ ಹೇಳಿ ಆಗಿದೆ.”

ದೇಯಿಯವರ ಕುಲದಲ್ಲಿ ತಾಯಿಯ ಅಣ್ಣನೆಂದರೆ ಸಣ್ಣ ಮಾತಲ್ಲ. ಸೋದರಮಾವ ಕೈಯಾರೆ ಬೆಳಕು ಹಾಕಿಕೊಟ್ಟ ಮನೆ ಎಂದರೆ ನೆಂಟರಿಷ್ಟರ ನಡುವೆ ಅದಕ್ಕೊಂದು ತೂಕ. ಎಲ್ಲರೂ ಜಯಣ್ಣನ ಮುಖ ನೋಡಿದರು. ಅವನು ಮುಂದೆ ಛಾವಣಿ ಬರಲಿರುವ ಜಾಗದ ಆಕಾಶವನ್ನು ನೋಡುತ್ತಿದ್ದ. “ಹೂಂ” ಎಂದ.

ನಾನು ಅವಲಕ್ಕಿಯ ಎಲೆಯನ್ನು ಬದಿಗಿಟ್ಟೆ. ವಿಷಯ ಗೊತ್ತಿದ್ದವನು ನಾನೊಬ್ಬನೇ. ಒಮ್ಮೆ ನಮ್ಮ ಮನೆಯ ಫ್ಯೂಸು ಹೋದಾಗ ನನ್ನ ಹೆಂಡತಿ ವಾರಿಜಾ ಇವನನ್ನು ಕರೆದಿದ್ದಳು. ಇವನು ಫ್ಯೂಸನ್ನು ಅರ್ಧ ಗಂಟೆ ಪ್ರೀತಿಯಿಂದ ನೋಡಿ, ನಂತರ ನನ್ನ ಕಿವಿಯಲ್ಲಿ ಸತ್ಯ ಹೇಳಿದ್ದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಯಣ್ಣ ಕೇಳಿದ, “ಮಾಷ್ಟ್ರೇ, ಈಗ ಸತ್ಯ ಹೇಳಿದ್ರೆ ದೇಯಿ ಮತ್ತೆ ನನ್ನ ಮುಖ ನೋಡ್ತಾಳಾ?”

“ನೋಡುವುದಿಲ್ಲ,” ಎಂದೆ. ನನಗೂ ಸಿಟ್ಟು ಬಂದಿತ್ತು.

ಅವನು ನಂತೂರಿನವರೆಗೆ ಯೋಚಿಸಿದ. “ಹಾಗಾದ್ರೆ ಎಲೆಕ್ಟ್ರಿಷಿಯನ್ ಆಗುವುದೇ ಸುಲಭ,” ಎಂದ.

ಮನುಷ್ಯನಿಗೆ ಒಂದು ಸತ್ಯ ಹೇಳುವುದಕ್ಕಿಂತ ಒಂದು ವಿದ್ಯೆ ಕಲಿಯುವುದೇ ಸುಲಭವೆನಿಸಿದ ಈ ಗಳಿಗೆಯಿಂದ ಜಯಣ್ಣನ ವಿದ್ಯಾಭ್ಯಾಸ ಶುರುವಾಯಿತು. ಕರೆಂಟಿನ ಕಾಗದಕ್ಕೆ ಸೈನು ಹಾಕಲು ಬೇಕಾದ ವೈರ್‌ಮನ್ ಪರ್ಮಿಟ್ ಕೊಡುವ ಸರಕಾರಿ ಕಛೇರಿಗೆ ನನ್ನನ್ನೂ ಎಳೆದುಕೊಂಡು ಹೋದ. ಕಿಟಕಿಯೊಳಗಿನ ಗುಮಾಸ್ತರು ತಲೆ ಎತ್ತದೆ ಕೇಳಿದರು, “ಐಟಿಐ ಉಂಟಾ?”

“ಇಲ್ಲ.”

“ಅನುಭವ?”

“ಮಸ್ಕತ್ತಿನಲ್ಲಿ ಹದಿನಾಲ್ಕು ವರ್ಷ.”

ಗುಮಾಸ್ತರು ತಲೆ ಎತ್ತಿದರು. ಕರೆಂಟಿನ ಆಫೀಸಿಗೆ ಬೇಕೆಂದಾಗ ದೇಯಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ ಆ ಅರಬ್ಬಿ ಕಾಗದದ ಕಟ್ಟನ್ನು ಜಯಣ್ಣ ಚೀಲದಿಂದ ತೆಗೆದು ಕಿಟಕಿಯಲ್ಲಿಟ್ಟ. ಅವರು ಅದನ್ನು ನೇರ ಹಿಡಿದರು, ಓರೆ ಹಿಡಿದರು.

“ಇದಕ್ಕೆ ಗಂಧ ಯಾರು ಹಚ್ಚಿದ್ದು?”

“ತಂಗಿ.”

“ಒರೆಸಿ ತನ್ನಿ. ಕನ್ನಡಕ್ಕೋ ಇಂಗ್ಲಿಷಿಗೋ ಮಾಡಿಸಿ ತನ್ನಿ. ಐಟಿಐ ಇಲ್ಲದಿದ್ರೆ ಲೈಸೆನ್ಸ್ ಇದ್ದ ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡಿದ ಅನುಭವಪತ್ರ ಬೇಕು. ಅದರ ಮೇಲೆ ಪರೀಕ್ಷೆ. ದೇವರ ಕೋಣೆಯಿಂದ ತಂದದ್ದೆಲ್ಲ ನಡೆಯುವುದಿಲ್ಲ ಇಲ್ಲಿ.”

ಅರಬ್ಬಿ ಓದಲು ನಾವು ಹೋದದ್ದು ಫಳ್ನೀರಿನ ಮೂಸಬ್ಬನವರ ಅಂಗಡಿಗೆ. ಇಪ್ಪತ್ತೆರಡು ವರ್ಷ ಅರಬ್ಬರ ನಡುವೆ ಇದ್ದು, ಈಗ ಸ್ವಿಚ್ಚು, ವೈರು, ಫ್ಯಾನು ಮಾರುವ ಹಿರಿಯರು. ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿದರು. ಮತ್ತೆ ಜಯಣ್ಣನನ್ನು ನೋಡಿದರು.

“ಗಟ್ಟಿಯಾಗಿ ಓದ್ಲಾ?”

ಜಯಣ್ಣನ ಮುಖದಲ್ಲಿ ಒಂದು ಆಸೆ ಮೂಡಿತು. ವರ್ಷಗಟ್ಟಲೆ ಆ ಕಾಗದಕ್ಕೆ ಆರತಿ ಎತ್ತಿದ್ದನ್ನು ನೋಡಿ ನೋಡಿ, ಅದರಲ್ಲಿ ಎಲೆಕ್ಟ್ರಿಷಿಯನ್ ಎಂದೇ ಬರೆದಿರಬಹುದು ಎಂದು ಅವನಿಗೇ ಅನಿಸತೊಡಗಿತ್ತು.

ಮೂಸಬ್ಬನವರು ಓದಿದರು: “ಈತ ನಮ್ಮ ಗೋದಾಮಿನ ಕೀಲಿಕೈ ಇಟ್ಟುಕೊಂಡಿದ್ದವನು. ಪ್ರಾಮಾಣಿಕ. ಇವನ ಕಾಲದಲ್ಲಿ ಒಂದು ಸ್ಕ್ರೂ ಕೂಡಾ ಕಳೆದುಹೋಗಿಲ್ಲ. ಊಟದ ಮೇಲೆ ನಿದ್ರೆ ಮಾಡುತ್ತಾನೆ. ಎಬ್ಬಿಸಿದರೆ ಸಿಟ್ಟಾಗುವುದಿಲ್ಲ. ಇವನನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ದೇವರು ಒಳ್ಳೆಯದು ಮಾಡಲಿ.”

ಇದಕ್ಕೆ ಒಂಬತ್ತು ಆಯುಧಪೂಜೆ ಆಗಿದೆ ಎಂದು ನಾನು ಲೆಕ್ಕ ಹಾಕುತ್ತಿರುವಾಗ ಕೌಂಟರಿನ ಹಿಂದಿನಿಂದ ಒಬ್ಬಳು ನಕ್ಕಳು. ಮೂಸಬ್ಬನವರ ಮಗಳು ರುಮೈಸಾ. ಡಿಪ್ಲೊಮಾ ಮಾಡಿ ಕಂಟ್ರಾಕ್ಟರ್ ಲೈಸೆನ್ಸು ತೆಗೆದು ನಗರದಲ್ಲಿ ಹತ್ತಿಪ್ಪತ್ತು ಮನೆಗಳಿಗೆ ಬೆಳಕು ಕೊಟ್ಟವಳು. ತಲೆಗೆ ಶಾಲು, ಕೈಯಲ್ಲಿ ಟೆಸ್ಟರು.

“ಸುಳ್ಳು ಅನುಭವಪತ್ರ ಕೇಳ್ಲಿಕ್ಕೆ ಬಂದದ್ದಾ ನೀವು?” ಎಂದು ನೇರ ಕೇಳಿದಳು.

“ಅದು ನನಗೆ ಹೊಳೆಯಲೇ ಇಲ್ಲ,” ಎಂದ ಜಯಣ್ಣ, ಸ್ವಲ್ಪ ಬೇಸರದಿಂದ.

ದೇಯಿಯ ಮನೆಯ ಕಥೆಯನ್ನೆಲ್ಲ ನಾನೇ ಹೇಳಿದೆ. ಕೇಳಿ ಅವಳು ಒಂದು ವೈರಿನ ತುಂಡನ್ನು ಅವನ ಅಂಗೈಗೆ ಹಾಕಿದಳು. ಅವನು ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿದ. “ಎರಡೂವರೆ ಸ್ಕ್ವೇರು. ಪ್ಲಗ್ಗಿಗೆ. ಎರಡನೇ ಕಪಾಟು, ಎಡದ ಬದಿ.”

“ಕಪಾಟು ಬೇಡ,” ಎಂದಳು ರುಮೈಸಾ. ಆದರೆ ದನಿ ಮೆತ್ತಗಾಗಿತ್ತು. “ನಾಳೆ ಎಂಟು ಗಂಟೆಗೆ ಬನ್ನಿ ಜಯಣ್ಣ. ಹೆಸರು ಬರೆದುಕೊಳ್ತೇನೆ. ನಿಮ್ಮ ತಂಗಿಯ ಮನೆಯ ಕೆಲಸ ನನ್ನ ಲೈಸೆನ್ಸಿನಲ್ಲಿ ಆಗ್ಲಿ. ಮನೆ ಮುಗಿಯುವುದರೊಳಗೆ ನೀವು ಪಾಸಾದ್ರೆ ವೈರ್‌ಮನ್ ಅಂತ ನಿಮ್ಮ ಹೆಸರು, ನಂಬರು. ಇಲ್ಲದಿದ್ರೆ ಕಾಗದದಲ್ಲಿ ನೀವು ಇಲ್ಲ. ಮತ್ತೆ ನನ್ನನ್ನು ಬೈಬಾರ್ದು.”

ಪುಣ್ಯಕ್ಕೆ ನಮ್ಮಲ್ಲಿ ಮನೆ ಬೇಗ ಮುಗಿಯುವುದಿಲ್ಲ. ಕೆಂಪುಕಲ್ಲು ಬರುವಾಗ ಮೇಸ್ತ್ರಿ ಇಲ್ಲ, ಮೇಸ್ತ್ರಿ ಬರುವಾಗ ಮಳೆ. ಎರಡು ಮಳೆಗಾಲ ಜಯಣ್ಣನಿಗೆ ಸಿಕ್ಕಿತು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ರುಮೈಸಾಳ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದ. ಗೋಡೆ ಕೊರೆದ, ಪೈಪು ಕೂರಿಸಿದ, ವೈರು ಎಳೆದ. ಮೊದಲ ತಿಂಗಳು ಎಳೆದ ವೈರಿನ ಕೊನೆ ಯಾವ ಕೋಣೆಯಲ್ಲಿ ಹೊರಬಂದಿದೆ ಎಂದು ಹುಡುಕಲು ಇನ್ನೊಬ್ಬರು ಬೇಕಾಗುತ್ತಿತ್ತು.

ದೇಯಿ ಇದನ್ನೆಲ್ಲ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ರುಮೈಸಾಳಿಗೆ ಎಳನೀರು ಕೊಡುತ್ತಾ, “ನಮ್ಮ ಅಣ್ಣನ ಕೈಕೆಳಗೆ ಕಲೀಲಿಕ್ಕೆ ಪುಣ್ಯ ಬೇಕು ಮಗಾ. ಮಸ್ಕತ್ತಿನ ಕೆಲಸ ಅದು,” ಎಂದಳು. ರುಮೈಸಾ ಜಯಣ್ಣನನ್ನು ನೋಡಿದಳು. ಜಯಣ್ಣ ಪೈಪನ್ನು ನೋಡಿದ. “ಹೌದು ದೇಯಕ್ಕ, ದಿನಾ ಒಂದು ಹೊಸತು ಕಲೀತಾ ಇದ್ದೇನೆ,” ಎಂದು ಅವಳು ಹಲ್ಲು ಕಚ್ಚಿ ಹೇಳಿದಳು.

ಸ್ಲ್ಯಾಬಿಗೆ ಕಾಂಕ್ರೀಟು ಹಾಕುವ ಮೊದಲು ಫ್ಯಾನು, ಲೈಟು ಎಲ್ಲಿ ಬರಬೇಕೆಂದು ಗುರುತು ಹಾಕಬೇಕು. ಆ ದಿನ ನಾನೂ ಹೋಗಿದ್ದೆ. ಮಧ್ಯಾಹ್ನದ ಬಿಸಿಲು ಚೌಕಟ್ಟಿಲ್ಲದ ಕಿಟಕಿಯ ತೂತುಗಳಿಂದ ಒಳಗೆ ಬಿದ್ದಿತ್ತು. ಒದ್ದೆ ಕೆಂಪುಕಲ್ಲಿನ ವಾಸನೆ. ಜಯಣ್ಣ ಕೈಯಲ್ಲಿ ಸೀಮೆಸುಣ್ಣ ಹಿಡಿದು ಒಂದು ಕೋಣೆಯ ನೆಲದಲ್ಲಿ ಅಂಗಾತ ಮಲಗಿದ್ದ.

“ಎಂತ ಮಾರಾಯ, ನಿದ್ರೆಯಾ?” ಎಂದೆ.

“ಇಲ್ಲ ಮಾಷ್ಟ್ರೇ, ನಿರೀಕ್ಷಾ ಓದ್ತಾ ಇದ್ದಾಳೆ. ಪುಸ್ತಕ ಎದೆಯ ಮೇಲೆ. ಲೈಟು ಇಲ್ಲಿ ಇದ್ರೆ ಅವಳ ನೆರಳು ಪುಟಕ್ಕೆ ಬೀಳ್ತದೆ.” ಎದ್ದು ಅಡಿಗೆಮನೆಗೆ ಹೋದ. ಇಲ್ಲದ ಒಲೆಯ ಮುಂದೆ ನಿಂತ. ಇಲ್ಲದ ಅನ್ನದ ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ತಿರುಗಿದ. ಬಲ ಮೊಣಕೈ ಗೋಡೆಗೆ ಎಲ್ಲಿ ತಾಗಿತೋ ಅಲ್ಲಿ ಗುರುತು ಹಾಕಿದ. “ದೇಯಿಯ ಕೈ ಯಾವತ್ತೂ ಖಾಲಿ ಇರುವುದಿಲ್ಲ. ಸ್ವಿಚ್ಚು ಮೊಣಕೈಗೆ ಸಿಗ್ಬೇಕು.”

ರುಮೈಸಾ ಬೈಯಲೆಂದು ಬಾಯಿ ತೆರೆದವಳು ಆ ಗುರುತಿನ ಎತ್ತರ ಅಳೆದು ಬರೆದುಕೊಂಡಳು. ಆ ಖಾಲಿ ಕೋಣೆಗಳಲ್ಲಿ ನನಗೂ ಪಾತ್ರೆಗಳ ಸದ್ದು ಕೇಳಿದ ಹಾಗಾಯಿತು. ಅಷ್ಟರಲ್ಲಿ ಮೇಸ್ತ್ರಿ ಬಂದು ಮೂವರನ್ನೂ ಹೊರಗೆ ಅಟ್ಟಿದ.

ಪರೀಕ್ಷೆಯ ಪಾಠ ಮಾತ್ರ ನನ್ನ ಕುತ್ತಿಗೆಗೆ ಬಂತು. ಸಂಜೆ ನಮ್ಮ ಜಗಲಿಯಲ್ಲಿ ಪ್ರಶ್ನೋತ್ತರದ ಪುಸ್ತಕ. ಹಳಗನ್ನಡ ಪದ್ಯದ ಅನ್ವಯ ಹೇಳಿಕೊಟ್ಟವನು ನಾನು ಕರೆಂಟಿನ ಓಮ್‌ನ ನಿಯಮ ಹೇಳಿಕೊಟ್ಟೆ. ಅರ್ಥವಾಗದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಮೇಷ್ಟ್ರುಗಳಿಗೆ ಇರುವುದರಿಂದ ತೊಂದರೆಯಾಗಲಿಲ್ಲ.

“ವಿದ್ಯುತ್ ಪ್ರವಾಹ ಎಂದರೇನು?” ಎಂದು ಕೇಳಿದೆ ಒಂದು ದಿನ.

“ದೂರದಿಂದ ಬರುವ ಒಬ್ಬ, ಮಾಷ್ಟ್ರೇ,” ಎಂದ ಜಯಣ್ಣ. “ಘಟ್ಟದ ಅಣೆಕಟ್ಟಿನಿಂದ ಹೊರಡ್ತಾನೆ. ಕಾಡು, ಹೊಳೆ, ಗುಡ್ಡ ಎಲ್ಲ ದಾಟಿ ಕಂಬದಿಂದ ಕಂಬಕ್ಕೆ ಬರ್ತಾನೆ. ಯಾರದ್ದೋ ಮನೆಯ ಒಳಗೆ ಬಂದು, ಅವರಿಗೆ ಬೆಳಕು ಮಾಡಿ, ಇನ್ನೊಂದು ವೈರಿನಲ್ಲಿ ವಾಪಸ್ಸು ಹೋಗ್ತಾನೆ. ಕೂತ್ಕೋ, ಊಟ ಆಯ್ತಾ ಅಂತ ಯಾರೂ ಕೇಳುವುದಿಲ್ಲ.”

ಒಳಗೆ ಬಸಳೆ ಹೆಚ್ಚುತ್ತಿದ್ದ ವಾರಿಜಾಳ ಕತ್ತಿಯ ಸದ್ದು ನಿಂತಿತು. ಪುಸ್ತಕದಲ್ಲಿ ಉತ್ತರ ಬೇರೆ ಇತ್ತು. ನನಗೆ ಅದನ್ನು ಓದಲು ಮನಸ್ಸಾಗಲಿಲ್ಲ. ಆ ಪ್ರಶ್ನೆ ಹೋದರೆ ಹೋಗಲಿ ಎಂದು ಪುಟ ತಿರುಗಿಸಿದೆ.

ಪರೀಕ್ಷೆಗೆ ಒಂದು ವಾರ ಇರುವಾಗ ಅರ್ತಿಂಗಿನ ಗಲಾಟೆ ಆಯಿತು. ಮನೆಯ ಕರೆಂಟು ದಾರಿ ತಪ್ಪಿದರೆ ಭೂಮಿಗೆ ಇಳಿದು ಹೋಗಲೆಂದು ಆಳದ ಗುಂಡಿಯಲ್ಲಿ ತಾಮ್ರದ ತಗಡು ಇಟ್ಟು, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿ ನೀರೆರೆಯುತ್ತಾರೆ. ಪರೀಕ್ಷೆಗೆ ಬರುವ ವಿಷಯವೆಂದು ರುಮೈಸಾ ಅದನ್ನು ಜಯಣ್ಣನ ಕೈಯಲ್ಲೇ ಮಾಡಿಸುತ್ತಿದ್ದಳು, ನಾನು ಪ್ರಶ್ನೋತ್ತರದ ಪುಸ್ತಕ ಹಿಡಿದು ಪಕ್ಕದಲ್ಲಿದ್ದೆ. ಶೀನಪ್ಪಣ್ಣ ತಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದಾಗ ಕಂಡದ್ದು ಇದು: ಗೋಡೆಯ ಬುಡದಲ್ಲೇ ಗುಂಡಿ, ಗುಂಡಿಯಲ್ಲಿ ತಾಮ್ರದ ತಗಡು, ಅರ್ಧ ಕಣ್ಣು ಮುಚ್ಚಿ ಉಪ್ಪು ಸುರಿಯುತ್ತಾ ತುಟಿ ಅಲ್ಲಾಡಿಸುತ್ತಿರುವ ಜಯಣ್ಣ. ಅವನು ಹೇಳುತ್ತಿದ್ದದ್ದು ಅರ್ತಿಂಗಿನ ಐದು ಉಪಯೋಗಗಳನ್ನು. ಅದು ಶೀನಪ್ಪಣ್ಣನಿಗೆ ಗೊತ್ತಾಗುವುದಾದರೂ ಹೇಗೆ?

“ಜಯಾ, ಅದೆಂತ ಹೂಳುವುದು? ಯಾರಿಗಾದರೂ ಮಾಡಿಸುವುದಾ?” ಎಂದು ಕೂಗಿದರು.

ಜಯಣ್ಣ ನಾಲ್ಕನೇ ಉಪಯೋಗದಲ್ಲಿದ್ದ. “ಹೂಂ” ಎಂದ.

ಹತ್ತೇ ನಿಮಿಷದಲ್ಲಿ ಜನ ಸೇರಿದರು. ಎದುರು ಮನೆಯ ಕ್ಯಾರಲ್ ಬಾಯಿ ಜಪಮಾಲೆ ಹಿಡಿದೇ ಬಂದರು. “ದೇವಾ, ಹಗಲು ಹೊತ್ತಿನಲ್ಲೇ ಮಾಟ ಮಾಡ್ತಾರೆ ಈಗ!” ಎಂದರು. ಶೀನಪ್ಪಣ್ಣ ತಮಗೆ ಮೂರು ದಿನದಿಂದ ಮೊಣಕಾಲು ನೋವಿದ್ದದ್ದರ ಕಾರಣ ಈಗ ಗೊತ್ತಾಯಿತೆಂದರು. “ಮಾಷ್ಟ್ರೇ, ನೀವು ಮಂತ್ರ ಗೊತ್ತಿದ್ದವರು. ಇದನ್ನು ತೆಗೆಯುವುದು ಹೇಗೆ ಹೇಳಿ,” ಎಂದು ನನ್ನ ಕೈ ಹಿಡಿದರು. ಗುಂಡಿ ತೆಗೆದದ್ದೇ ನಿನ್ನೆ, ನೋವು ಮೂರು ದಿನದ್ದು ಎಂದು ಹೇಳಿ ನೋಡಿದೆ. ಅಂಥ ಲೆಕ್ಕ ಮಾಟಕ್ಕೆ ಅನ್ವಯಿಸುವುದಿಲ್ಲವಂತೆ.

ಕೊನೆಗೆ ರುಮೈಸಾ ಸಲಿಕೆಯನ್ನು ನೆಲಕ್ಕೆ ಕುಟ್ಟಿದಳು. “ಶೀನಪ್ಪಣ್ಣ, ನಿಮ್ಮ ಮನೆಯ ಮೀಟರಿನ ಕೆಳಗೂ ಇದೇ ಉಂಟು! ಅಗೆದು ನೋಡ್ಬೇಕಾ? ಇವರಿಗೆ ಬರುವ ವಾರ ಪರೀಕ್ಷೆ, ಕಲಿಸ್ತಾ ಇದ್ದೇನೆ, ಅಷ್ಟೇ!”

ಗುಂಪಿನಲ್ಲಿದ್ದ ದೇಯಿ ಮುಂದೆ ಬಂದಳು. “ಪರೀಕ್ಷೆ ಯಾರಿಗೆ? ಅಣ್ಣನಿಗಾ? ಎಂತಕ್ಕೆ?”

ಜಯಣ್ಣನ ಕೈಯಿಂದ ಉಪ್ಪು ಜಾರುತ್ತಿತ್ತು. ಆಗ ಶೀನಪ್ಪಣ್ಣನೇ, ಸೋತ ಮುಖ ಉಳಿಸಿಕೊಳ್ಳಲು, ಎಲ್ಲ ತಿಳಿದವರಂತೆ ಹೇಳಿದರು, “ಅದು ರಿನೀವಲ್ ದೇಯಕ್ಕ. ಹೊರದೇಶದ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ. ಸುಮ್ಮನೆ ಒಂದು ಪರೀಕ್ಷೆ ಇಟ್ಟು ಇಲ್ಲಿಯದ್ದು ಕೊಡ್ತಾರೆ. ಹೌದಲ್ವಾ ಜಯಾ?”

“ಹೂಂ,” ಎಂದ ಜಯಣ್ಣ. ಆದರೆ ಈ ಸಲ ಅವನು ಬೇರೇನೂ ಯೋಚಿಸುತ್ತಿರಲಿಲ್ಲ, ನಾನು ಅವನ ಕಣ್ಣು ನೋಡಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದ ಮೊದಲ ಹೂಂ ಅದು. ಆ ಸಂಜೆ ಅವನು ಪಾಠಕ್ಕೆ ಬರಲಿಲ್ಲ.

ಪರೀಕ್ಷೆ ಬರೆದ. ಬೋರ್ಡಿನ ಮೇಲೆ ಮೆಟ್ಟಿಲಿನ ಲೈಟಿಗೆ ಎರಡು ಸ್ವಿಚ್ಚು ಜೋಡಿಸುವುದನ್ನೂ ಮಾಡಿ ತೋರಿಸಿದ. ಕೊನೆಗೆ ಅಧಿಕಾರಿ ಬಾಯಿಪ್ರಶ್ನೆ ಕೇಳಿದರಂತೆ: “ಒಬ್ಬನಿಗೆ ಶಾಕ್ ಹೊಡೀತಾ ಇದೆ. ನೀವು ಮೊದಲು ಏನು ಮಾಡ್ತೀರಿ?” ಜಯಣ್ಣ ಕಿಟಕಿಯ ಕಡೆ ನೋಡುತ್ತಾ ನಿಂತ. ಅಧಿಕಾರಿ ಕಾದರು, ಮತ್ತೂ ಕಾದರು.

“ಎಷ್ಟು ಯೋಚನೆ ಮಾಡ್ತೀರಿ? ಅಷ್ಟರಲ್ಲಿ ಅವನು ಸತ್ತೇ ಹೋದ!”

“ಇಲ್ಲ ಸರ್,” ಎಂದ ಜಯಣ್ಣ ಗಾಬರಿಯಿಂದ, “ಮೈನ್ ಆಗಲೇ ಆಫ್ ಮಾಡಿ ಆಗಿದೆ. ದೂಡ್ಲಿಕ್ಕೆ ಒಣಗಿದ ಮರದ ತುಂಡು ಹುಡುಕ್ತಾ ಇದ್ದೇನೆ. ಇಲ್ಲಿ ಎಲ್ಲ ಮಳೆಗೆ ಒದ್ದೆ ಆಗಿದೆ.”

ಅಧಿಕಾರಿ ಪೆನ್ನು ಕೆಳಗಿಟ್ಟು ಅವನನ್ನು ಒಮ್ಮೆ ನೋಡಿ, ಪಾಸು ಮಾಡಿದರು.

ಪರ್ಮಿಟ್ ಕೈಗೆ ಬಂದದ್ದು ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹತ್ತು ದಿನ ಇರುವಾಗ. ರುಮೈಸಾ ಕಾಗದಪತ್ರಕ್ಕೆ ಸೈನು ಹಾಕಿ, ವೈರ್‌ಮನ್ ಎಂಬಲ್ಲಿ ಜಯಣ್ಣನ ಹೆಸರು, ನಂಬರು ಬರೆದಳು. ಮುಂದಿನ ಸೋಮವಾರ ಮೀಟರೂ ಬಂತು. ಹಾಲ್‌ನ ಒಂದು ಫ್ಯಾನು ಮಾತ್ರ ಬಾಕಿ. ದೇಯಿ, ನಿರೀಕ್ಷಾ, ನಾನು ನೋಡುತ್ತಾ ನಿಂತಿದ್ದೆವು. ಜಯಣ್ಣ ಏಣಿಯನ್ನು ಗೋಡೆಗೆ ಒರಗಿಸಿಟ್ಟಿದ್ದ.

ದೇಯಿ ಪರ್ಮಿಟ್ಟನ್ನು ಸೆರಗಿನಲ್ಲಿ ಒರೆಸಿ ಹಣೆಗೊತ್ತಿಕೊಂಡಳು. “ಅಂತೂ ರಿನೀವಲ್ ಆಯ್ತಲ್ಲ ಅಣ್ಣ. ಒಕ್ಕಲಿನ ದಿನ ಎಲ್ಲರ ಎದುರು ತೋರಿಸುವ.”

ಇನ್ನೇನು, ಗೆದ್ದಾಗಿತ್ತು. ಕಾಗದವೇ ನಿಜವಾಗಿತ್ತು. ಸುಮ್ಮನಿದ್ದಿದ್ದರೆ ಸಾಯುವವರೆಗೂ ಯಾರೂ ಕೇಳುತ್ತಿರಲಿಲ್ಲ. ನಾನೂ ಮನಸ್ಸಿನಲ್ಲೇ ಅವನಿಗೆ, ಸುಮ್ಮನಿರು ಮಾರಾಯ, ಎನ್ನುತ್ತಿದ್ದೆ.

“ಅಲ್ಲ,” ಎಂದ ಜಯಣ್ಣ. “ರಿನೀವಲ್ ಅಲ್ಲ ದೇಯೀ. ನಾನು ಎಲೆಕ್ಟ್ರಿಷಿಯನ್ ಆದದ್ದೇ ಹೋದ ವಾರ. ಮಸ್ಕತ್ತಿನಲ್ಲಿ ನಾನು ಸ್ಟೋರಿನಲ್ಲಿ ಇದ್ದದ್ದು. ಕೀಲಿಕೈ ಇಟ್ಕೊಂಡು.”

ನಿರೀಕ್ಷಾ “ಮಾಮಾ...” ಎಂದು ನಿಲ್ಲಿಸಿದಳು. ದೇಯಿ ಕೇಳಿದ್ದು ತುಂಬಾ ಮೆಲ್ಲಗೆ.

“ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನೀನು ಕರೆಂಟು ಮುಟ್ಟಲಿಲ್ಲ?”

“ಇಲ್ಲ.”

“ಕಂಬ ಹತ್ತಲಿಲ್ಲ?”

“ಇಲ್ಲ. ಕುರ್ಚಿ ಇತ್ತು. ಎಸಿ ಕೂಡಾ ಇತ್ತು.”

ದೇಯಿ ಪರ್ಮಿಟ್ಟನ್ನು ಕಿಟಕಿಯ ದಂಡೆಯ ಮೇಲಿಟ್ಟಳು. “ಹದಿನಾಲ್ಕು ವರ್ಷ ಪ್ರತೀ ಮಂಗಳವಾರ ರಾತ್ರಿ ನಾನು ಊಟ ಬಿಟ್ಟಿದ್ದೇನೆ, ಗೊತ್ತುಂಟಾ ನಿನಗೆ? ಅಣ್ಣನಿಗೆ ಶಾಕ್ ಹೊಡೀಬಾರ್ದು ಅಂತ. ಇವಳು ಹೊಟ್ಟೆಯಲ್ಲಿ ಇರುವಾಗ ಕೂಡಾ ಬಿಟ್ಟಿದ್ದೇನೆ. ಯಾರಿಗೂ ಹೇಳಲಿಲ್ಲ. ನೀನು ಊರಿಗೆ ಬಂದು ಈ ಕೆಲಸ ಬಿಟ್ಟೆ ಅಂತ ಆದ ಮೇಲೆಯೇ ಮಂಗಳವಾರ ಅನ್ನ ಮುಟ್ಟಿದ್ದು. ನೀನು ಅಲ್ಲಿ ಎಸಿಯಲ್ಲಿ ಕೂತಿದ್ದಿ!”

ಜಯಣ್ಣ ತಲೆ ತಗ್ಗಿಸಿದ. ನನಗೆ ಕಣ್ಣು ತುಂಬಿ ಬಂತು, ಒಂದು ಬದಿಯಲ್ಲಿ ನಗೆಯೂ ಬಂತು. ಯಾವುದಕ್ಕೂ ದಾರಿ ಕೊಡದೆ ಗೋಡೆ ನೋಡಿದೆ.

“ಆಯ್ತು, ಆ ಫ್ಯಾನು ಹಾಕು,” ಎಂದಳು ಕೊನೆಗೆ ದೇಯಿ, ಮೂಗು ಒರೆಸುತ್ತಾ.

ಜಯಣ್ಣ ಮೈನ್ ಆಫ್ ಮಾಡಿ, ಟೆಸ್ಟರಿನಲ್ಲಿ ಎರಡೆರಡು ಸಲ ನೋಡಿ, ಏಣಿ ಹತ್ತಿದ. ದೇಯಿ ಹೋಗಿ ಏಣಿಯ ಎರಡೂ ಕಾಲುಗಳನ್ನು ಬಿಗಿಯಾಗಿ ಹಿಡಿದು ನಿಂತಳು. ಕರೆಂಟು ಇಲ್ಲ ಅಮ್ಮ, ಬಿಡು ಎಂದು ನಿರೀಕ್ಷಾ ಹೇಳಿದರೂ ಬಿಡಲಿಲ್ಲ. ಅವನು ಮೇಲೆ ವೈರಿಗೆ ಕೈ ಹಾಕಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

“ಇನ್ನು ಇವನಿಗೆ ದಿನಾ ಇದೇ ಕೆಲಸವಾ ಮಾಷ್ಟ್ರೇ?” ಎಂದು ಕೇಳಿದಳು, ಕಣ್ಣು ಬಿಡದೆ.

“ಇನ್ನು ಇದೇ,” ಎಂದೆ.

“ನಿರೀಕ್ಷಾ,” ಎಂದಳು ದೇಯಿ, “ನಾಳೆ ಮಂಗಳವಾರ. ರಾತ್ರಿಗೆ ನನಗೆ ಅನ್ನ ಇಡ್ಬೇಡ.”